ಸ್ವಇಚ್ಛೆಯಿಂದ

ನಾಮಿನೇಷನ್ ವಾಪಸ್ ತಗಸಾಕ ಹುಲುಗಮ್ಮನ ಕೈ ಹಿಡಿದು ಎಳಕೊಂಡು ಹೋದಾಕಿ ನಾನೇ. ಅದನ್ನ ಮೊದ್ಲು ಹೇಳಿಬಿಡ್ತೀನಿ. ಆಮ್ಯಾಲ ಯಾರೂ ನನ್ನನ್ನ ದೊಡ್ಡಾಕಿ ಅನ್ನಬಾರದು.

ನನ್ನ ಹೆಸರು ನಾಗಕ್ಕ. ಹುಣಸಿಹಣ್ಣು ಕುಟ್ಟಾಕಿ. ನಮ್ದು ಮಾದಿಗರ ಕೇರಿ, ಹನ್ನೊಂದನೇ ವಾರ್ಡು. ಶಿವರಾತ್ರಿಯಿಂದ ಮುಂಗಾರಿ ತನಕ ಕೇರಿ ಹೆಣಮಕ್ಳು ಅರವತ್ತು ಮಂದಿ ಓಬಳೇಶಪ್ಪನ ಶೆಡ್ಡಿನಾಗ ಕುಂದರ್ತೀವಿ. ಕಲ್ಲಿನ ಮ್ಯಾಲ ಹಣ್ಣಿಡಬೇಕು. ಕಬ್ಬಿಣದ ತುಂಡಿನಿಂದ ಬಡೀಬೇಕು. ಬೀಜ ಒಂದು ಕಡಿ, ನಾರು ಒಂದು ಕಡಿ. ಮ್ಯಾಲ ತಗಡು, ಅದರ ಮ್ಯಾಲ ಬಿಸಿಲು. ಹುಳಿ ಉಗುರಿನ ಸಂದ್ಯಾಗ ಇಳೀತೈತಿ. ಬಟ್ಟಿನ ಚರ್ಮ ಸುಲೀತೈತಿ. ಮನಿಗೆ ಬಂದು ಉಣ್ಣಾಕ ಕುಂತ್ರ ಖಾರದ ಸಾರಿನಾಗ ಕೈ ಅದ್ದಾಕ ಆಗಂಗಿಲ್ಲ. ನಮ್ಮ ಕೇರ್ಯಾಗ ಎಲ್ಲಾರೂ ಚಮಚದಾಗ ಉಣ್ತೀವಿ. ಅದು ದೊಡ್ಡಸ್ತಿಕಿ ಅಲ್ಲ.

ಹುಲುಗಮ್ಮ ನನ್ನ ಮಗ್ಗಲಕ ಕುಂತು ಕುಟ್ಟಾಕಿ. ಐದು ವರ್ಷ ಊರಿನ ಮೆಂಬರ್ ಆಗಿದ್ದಾಗೂ ಕುಟ್ಟಿದ್ಲು. ಮೀಟಿಂಗ್ ಇದ್ದ ದಿನ ಕೈ ತೊಳಕೊಂಡು, ಸೀರಿ ಜಾಡಿಸಿಕೊಂಡು ಪಟ್ಟಣ ಪಂಚಾಯ್ತಿಗೆ ಹೋಗತಿದ್ಲು. ಮೀಟಿಂಗ್ ಮುಗಿಸಿ ಬಂದು ಮತ್ತ ಕಲ್ಲಿನ ಮುಂದ ಕುಂದರತಿದ್ಲು.

ಆಕಿ ಈ ಕೇರಿಯ ಮಗಳು. ಹುಟ್ಟಿದ ಒಂಬತ್ತನೇ ದಿನಕ್ಕ ತಾಯಿ ತೀರಿಕೊಂಡ್ಲು. ಅಪ್ಪ ಯಾವ ಊರಿಗೆ ಹೋದನೋ ಗೊತ್ತಿಲ್ಲ. ಕೇರಿನೇ ಬೆಳಸ್ತು. ಒಬ್ರ ಮನ್ಯಾಗ ಗಂಜಿ, ಒಬ್ರ ಮನ್ಯಾಗ ಹಳೇ ಲಂಗ, ಒಬ್ರ ಮನ್ಯಾಗ ಹಾಸಿಗಿ. ನಮ್ಮವ್ವನ ಎದಿ ಹಾಲು ನಾನೂ ಕುಡದೀನಿ, ಆಕಿನೂ ಕುಡದಾಳ.

ಐದು ವರ್ಷದ ಹಿಂದ ನಮ್ಮ ವಾರ್ಡು ಎಸ್ಸಿ ಹೆಂಗಸ್ರಿಗೆ ರಿಸರ್ವ್ ಆತು. ಅಲ್ಲಿತನಕ ಓಬಳೇಶಪ್ಪನೇ ಮೆಂಬರು. ಅವನು ಅದೇ ವಾರ್ಡಿನ ಮೇಲಿನ ಓಣಿ ಸಾವ್ಕಾರ. ಶೆಡ್ಡು ಅವಂದು, ಟ್ರ್ಯಾಕ್ಟರ್ ಅವಂದು, ಊರಿನ ಗಟಾರ ಕಾಂಟ್ರಾಕ್ಟು ಅವನ ತಮ್ಮಂದು. ಆವತ್ತು ಶೆಡ್ಡಿಗೆ ಬಂದ. ಸಂತ್ಯಾಗ ಕುರಿ ನೋಡಿದಂಗ ನಮ್ಮನ್ನೆಲ್ಲಾ ಒಂದು ಸುತ್ತು ನೋಡ್ದ. ಹುಲುಗಿ ಕಡಿ ಬೊಟ್ಟು ಮಾಡಿ, ಶೆಡ್ಡಿನ ಲೆಕ್ಕ ಬರಿಯೋ ಮುನಷಿಗೆ ಹೇಳ್ದ.

"ಇವಳು ಬಾಯಿ ಬಿಡಂಗಿಲ್ಲ. ಇವಳನ್ನ ನಿಲ್ಲಸ್ರಿ."

ಹಂಗ ನಮ್ಮ ಹುಲುಗಿ ಮೆಂಬರ್ ಆದ್ಲು.

ಮೊದಲ ಎರಡು ವರ್ಷ ಆಕಿ ಬಾಯಿ ಬಿಡಲಿಲ್ಲ. ಪಂಚಾಯ್ತಿ ಠರಾವಿನ ಪುಸ್ತಕನ ಶೆಡ್ಡಿಗೇ ತರತಿದ್ರು. ಮುನಷಿ ಹಾಳಿ ತಿರುವಿ ಬಟ್ಟಿಟ್ಟು ತೋರಸ್ತಿದ್ದ. "ಇಲ್ಲಿ ಹಾಕು. ಇಲ್ಲೊಂದು ಹಾಕು." ಆಕಿ ನಾಕನೇ ಇಯತ್ತೆ ಕಲಿತಿದ್ಲು. ಓದೋದು ಮರತಿತ್ತು, ಸಹಿ ಮರತಿರಲಿಲ್ಲ. ಹುಳಿ ಕೈಲೇ ಸಹಿ ಹಾಕತಿದ್ಲು. ಪ್ರತಿ ಹಾಳಿ ಮ್ಯಾಲ ಆಕಿ ಹೆಬ್ಬಟ್ಟಿನ ಕಂದು ಕಲೆ ಬೀಳತಿತ್ತು.

ಆಗ ನಮ್ಮ ಕೇರಿ ಹಿಂದ ಬಳ್ಳಾರಿ ಜಾಲಿ ಇತ್ತು. ಹೆಂಗಸ್ರು ಹೊರಕಡಿಗೆ ಹೋಗೋದು ಅಲ್ಲೇ. ಜೆಸಿಬಿ ಬಂತು, ಜಾಲಿ ಕಿತ್ತು, ಸೈಟಿನ ಕಲ್ಲು ನೆಟ್ರು. ಬಯಲಾತು. ನಾವು ಬೆಳಕು ಹರಿಯಾಕಿಂತ ಮೊದ್ಲು ಹೋಗಬೇಕು, ಇಲ್ಲಾಂದ್ರ ಕತ್ತಲಾಗೋ ತನಕ ತಡಕೋಬೇಕು. ನಡುವಿನ ಹೊತ್ತು ನೀರು ಕುಡಿಯೋದೇ ಬಿಟ್ವಿ. ಕಾದ ತಗಡಿನ ಕೆಳಗ ಕುಂತು, ಬಾಯಿ ಒಣಗಿದ್ರೂ ಕೊಡದ ಕಡಿ ನೋಡತಿರಲಿಲ್ಲ. ನನ್ನ ಮಗಳು ಮೇಘಾ ಕೊಟ್ಟೂರಿನ ಕಾಲೇಜಿಗೆ ಹೋಗತಿದ್ಲು. ಆಕಿಗೆ ಉರಿಮೂತ್ರ ಆಗಿ ಜ್ವರ ಬಂತು. ಡಾಕ್ಟರು, "ನೀರು ಜಾಸ್ತಿ ಕುಡೀಬೇಕಮ್ಮ" ಅಂದ್ರು. ಮೇಘಾ ಅವರ ಮುಖ ನೋಡಿ ನಕ್ಕುಬಿಟ್ಲು. ನಗತಾ ನಗತಾ ಅತ್ಲು.

ಮರುದಿನ ಹುಲುಗಿ ಕೈ ತೊಳಕೊಂಡು ಆಫೀಸಿಗೆ ಹೋದ್ಲು. ನಾನೂ ಸಂಗಾಟ ಹೋದೆ. "ನಮ್ಮ ಕೇರಿಗೆ ಹೆಂಗಸ್ರ ಸಂಡಾಸು ಕಟ್ಟಸಬೇಕ್ರಿ" ಅಂದ್ಲು. ಕ್ಲಾರ್ಕು ಪುಸ್ತಕ ತಗದ.

"ಕಟ್ಟಿ ವರ್ಷ ಆತಲ್ಲಮ್ಮ. ಗ್ವಾಡಿ ಐತಿ, ಬಾಗಿಲು ಐತಿ, ನೀರು ಐತಿ. ಕೆಲಸ ಪೂರ್ತಿ ಆಗೈತಂತ ನೀನೇ ಸಹಿ ಹಾಕೀಯಲ್ಲ."

ಕೇರಿ ಬಾಯಾಗ ಮೊಣಕಾಲುದ್ದ ಮೂರು ಗ್ವಾಡಿ ಇದ್ವು. ನಾಯಿ ಮಲಗತಿದ್ವು. ಹುಲುಗಿ ಪುಸ್ತಕಕ್ಕ ಬಗ್ಗಿ ನೋಡಿದ್ಲು. ಆಕಿದೇ ಸಹಿ. ಮಗ್ಗಲಕ ಹುಣಸಿಹಣ್ಣಿನ ಕಲೆ.

ಆವತ್ತು ಶೆಡ್ಡಿನಾಗ ಆಕಿ ಬಟ್ಟಿನ ಮ್ಯಾಲ ಬಡಕೊಂಡ್ಲು. ಉಗುರು ಎದ್ದು ಬಂತು. ತಪ್ಪಿ ಬಿತ್ತೋ, ಬೇಕಂತಲೇ ಬಡಕೊಂಡ್ಲೋ, ನಾನು ಕೇಳಲಿಲ್ಲ.

ಅವತ್ತಿಂದ ಮೇಘಾನ ಮುಂದ ಕುಂತು ಓದೋದು ಕಲಿಯಾಕ ಹತ್ತಿದ್ಲು. ಆರು ತಿಂಗಳು. ಅಕ್ಷರದ ಕೆಳಗ ಬಟ್ಟಿಟ್ಟು, ಒಂದೊಂದೇ ಕೂಡಿಸಿ, ಗಟ್ಟಿಯಾಗಿ ಓದತಿದ್ಲು. ಮುನಷಿ ಪುಸ್ತಕ ತಂದ್ರ, "ಆಫೀಸಿಗೇ ಬರ್ತೀನಿ, ಅಲ್ಲೇ ಓದಿ ಹಾಕ್ತೀನಿ" ಅಂದ್ಲು. ಮೀಟಿಂಗಿನಾಗ ಎಲ್ಲಾರೂ ಸಹಿ ಹಾಕಿ ಏಳತಿದ್ರು. ಈಕಿ ಬಾಗಿಲ ಹತ್ರದ ಕುರ್ಚ್ಯಾಗ ಕುಂತು ಓದತಿದ್ಲು. ಒಂದು ಹಾಳಿಗೆ ಅರ್ಧ ತಾಸು. ನಗತಿದ್ರಂತ. ಉಳಿದ ಮೆಂಬರುಗಳಿಗೆ ಗಾಜಿನ ಲೋಟದಾಗ ಚಾ, ಈಕಿಗೊಬ್ಬಾಕಿಗೆ ಕಾಗದದ ಕಪ್ಪು. ಒಂದಿನ ಆ ಕಪ್ಪನ್ನ ಅಧ್ಯಕ್ಷನ ಟೇಬಲ್ ಮ್ಯಾಲ ಇಟ್ಟು, "ನನಗ ಚಾ ಬ್ಯಾಡ್ರಿ, ಸಂಡಾಸಿಗೆ ಬಾಗಿಲು ಬೇಕು" ಅಂದ್ಲಂತ.

ಒಂದೂವರಿ ವರ್ಷ ಗುದ್ದಾಡಿದ್ಲು. ಸಂಡಾಸು ಎದ್ದು ನಿಂತಿತು. ಆರು ಬಾಗಿಲು, ಒಳಗ ಚಿಲಕ, ನಳದಾಗ ನೀರು. ನಾನು ಮೊದಲ ದಿನ ಒಳಗ ಹೋಗಿ ಚಿಲಕ ಹಾಕ್ಕೊಂಡು ಸುಮ್ನ ನಿಂತಿದ್ದೆ. ನಲವತ್ತಾರು ವರ್ಷದ ಹೆಂಗಸು. ಹಂಗೇ ನಿಂತು ಅತ್ತೆ.

ಇಷ್ಟು ಮಾಡಿದಾಕಿಗೆ ನಾನು ಏನು ಮಾಡಿದೆ ಅನ್ನೋದು ಮುಂದ ಐತಿ.

ಈ ಸಲ ವಾರ್ಡು ಜನರಲ್ ಆತು. ಓಬಳೇಶಪ್ಪ ತನ್ನ ಮಗ ಅರುಣ್ ಕುಮಾರನ್ನ ನಿಲ್ಲಿಸ್ದ. ಹುಲುಗಿನ್ನ ಮನಿ ಅಂಗಳಕ್ಕ ಕರಿಸ್ದ. ಅಂಗಳದಾಗ ನಿಲ್ಲಿಸ್ಕೊಂಡೇ ಮಾತಾಡ್ದ.

"ನಿನ್ನ ಪಾಳಿ ಮುಗೀತಲೇ ಹುಲುಗಿ. ಚಲೋ ಮಾಡ್ದಿ. ನಾಳೆ ಮಗನ ಸಂಗಾಟ ಕೇರ್ಯಾಗ ಒಂದು ಸುತ್ತು ಹಾಕಿ, ಇವನಿಗೆ ಹಾಕ್ರಿ ಅಂತ ಹೇಳು."

"ನಾನೂ ನಿಲ್ತೀನ್ರಿ" ಅಂದ್ಲು ಹುಲುಗಿ.

"ಏನು?"

"ಇನ್ನೊಂದು ಸಲ ನಿಲ್ತೀನಿ. ಜನರಲ್ ಅಂದ್ರ ಎಲ್ಲಾರಿಗೂ ಅಂತ ಐತಿ. ಓದೀನಿ."

ಓಬಳೇಶಪ್ಪ ಬೈಲಿಲ್ಲ. ನಕ್ಕ. "ಆತು ಹೋಗು" ಅಂದ.

ಆಕಿ ನಾಮಿನೇಷನ್‌ಗೆ ವಾರ್ಡಿನ ಒಬ್ರು ಸೂಚಕರಾಗಿ ಸಹಿ ಹಾಕಬೇಕಿತ್ತು. ಕೇರ್ಯಾಗ ಮನಿಮನಿ ತಿರುಗಿದ್ಲು. ಯಾರೂ ಹಾಕಲಿಲ್ಲ. ನಾನೂ ಹಾಕಲಿಲ್ಲ. ಮಗಳ ಪರೀಕ್ಷಾ ಐತಿ, ಮುಂದ ನೋಡೂನು ಅಂದೆ. ಪರೀಕ್ಷಾಕ್ಕೂ ಸಹಿಗೂ ಏನು ಸಂಬಂಧ? ಆಕಿ ಕೇಳಲಿಲ್ಲ. ಕೊನಿಗೆ ಗ್ಯಾರೇಜ್ ಓಣಿ ಹಮೀದಾ ಬೀ ಬಂದು ಸಹಿ ಹಾಕಿದ್ಲು. ಆಕಿ ಓಣ್ಯಾಗ ಗಟಾರದ ನೀರು ಮನಿಯೊಳಗ ಬರತಿತ್ತು. ಅದನ್ನ ನಿಲ್ಲಿಸಿದಾಕಿ ಹುಲುಗಿ. "ನಮ್ಮ ಮನಿ ಹೊಸ್ತಿಲಾ ಒಣಗೈತಿ ಬೆಹನ್. ಅಷ್ಟು ಸಾಕು ನನಗ" ಅಂದ್ಲಂತ ಹಮೀದಾ ಬೀ.

ಮರುದಿನ ಮುಂಜಾನಿ ನಮ್ಮನ್ನ ಶೆಡ್ಡಿಗೆ ಒಯ್ಯೋ ಟ್ರ್ಯಾಕ್ಟರ್ ಕೇರಿಗೆ ಬರಲಿಲ್ಲ. ನಾವು ಬುತ್ತಿ ಕಟ್ಟಿಕೊಂಡು ಕಾದ್ವಿ. ನಡಕೊಂಡು ಹೋದ್ವಿ. ಶೆಡ್ಡಿನ ಗೇಟಿಗೆ ಬೀಗ. ಒಳಗ ಗುಡ್ಡಿ ಗುಡ್ಡಿ ಹಣ್ಣು ಬಿದ್ದೈತಿ. ಮುನಷಿ ಗೇಟಿನ ಆಕಡಿ ನಿಂತು ಹೇಳ್ದ.

"ಕೆಲಸ ಇಲ್ಲ. ನಿಮ್ಮ ಮೆಂಬರಮ್ಮನ್ನ ಕೇಳ್ರಿ, ಕೊಡ್ತಾಳ."

ಎಂಟು ದಿನ. ಸೀಜನ್ ನಡುವಿನ ಎಂಟು ದಿನ. ನಮಗ ಹೊಲ ಇಲ್ಲ, ಕುರಿ ಇಲ್ಲ. ಈ ಮೂರು ತಿಂಗಳ ದುಡಿಮಿ ಮ್ಯಾಲ ಮುಂದಿನ ಮಳಿಗಾಲ. ಮೂರನೇ ದಿನಕ್ಕ ಕಟ್ಟಿ ಮ್ಯಾಲ ಕುಂತ ಗಂಡಸ್ರು ಗೊಣಗಿದ್ರು. ಐದನೇ ದಿನಕ್ಕ ಹೆಂಗಸ್ರು ಹುಲುಗಿ ಮನಿ ಮುಂದ ಹೋಗೋವಾಗ ಮುಖ ತಿರುವಿದ್ರು. ಎಂಟನೇ ದಿನ, ವಾಪಸ್ ತಗಳಾಕ ಕಡೀ ದಿನ, ಕೇರಿಯವರೆಲ್ಲಾ ನನಗ ಹೇಳಿದ್ರು. ನೀನು ಹೇಳಿದ್ರ ಕೇಳ್ತಾಳ, ಅಕ್ಕ ಇದ್ದಂಗ ಅದಿ.

ಹೋದೆ. ಹುಲುಗಿ ಪ್ರಚಾರಕ್ಕ ಹೊಂಟು ನಿಂತಿದ್ಲು.

"ಸಾಕು ಮಾಡಲೇ" ಅಂದೆ.

"ಏನ್ ಸಾಕು ಮಾಡ್ಲಿ?"

"ಕೇರಿ ಕೂಳು ತಿಂದು ಬೆಳದಾಕಿ ನೀನು. ನಮ್ಮವ್ವನ ಎದಿ ಚೀಪಿದಾಕಿ. ಈಗ ಅದೇ ಕೇರಿ ಹೊಟ್ಟಿಗೆ ಮಣ್ಣು ಹಾಕ್ತಿ?"

ಆಕಿ ಮುಖ ಸುಟ್ಟಂಗಾತು. ಆ ಮಾತು ಆಡಬಾರದಿತ್ತು. ಆಡಿದೆ.

"ಶೆಡ್ಡಿಗೆ ಬೀಗ ಹಾಕಿದಾವ ಯಾರಕ್ಕಾ?" ಅಂದ್ಲು. "ನಾನಾ?"

"ಯಾರಾದ್ರೂ ಹಾಕ್ಲಿ. ಕೀಲಿ ನಿನ್ನ ಕೈಯಾಗ ಐತಿ. ನಡಿ."

ಕೈ ಹಿಡಿದೆ. ಎಳದೆ. ಆಕಿ ಕೊಸರಲಿಲ್ಲ. ಹಿಂದ ಇಪ್ಪತ್ತು ಹೆಂಗಸ್ರು. ಬಜಾರದಾಗ ಮಂದಿ ಅಂಗಡಿ ಬಿಟ್ಟು ಹೊರಗ ಬಂದು ನೋಡಿದ್ರು. ನಮ್ಮ ಮೆಂಬರ್‌ನ ನಾವೇ ಕಳ್ಳಿನ್ನ ತಂದಂಗ ತಂದ್ವಿ.

ಆಫೀಸಿನಾಗ ಓಬಳೇಶಪ್ಪ ಮೊದ್ಲೇ ಬಂದು ಬೆಂಚಿನ ಮ್ಯಾಲ ಕುಂತಿದ್ದ. ಫಾರಂ ತುಂಬಿ ರೆಡಿ ಇತ್ತು. ಮುನಷಿ ಅದನ್ನ ಟೇಬಲ್ ಮ್ಯಾಲ ಇಟ್ಟು, ಬಟ್ಟಿಟ್ಟು ತೋರಿಸ್ದ. "ಇಲ್ಲಿ ಹಾಕು."

ಚುನಾವಣಾ ಸಾಹೇಬ್ರು ಹೊರಗಿನವ್ರು. ಗಡಿಯಾರದಾಗ ಎರಡೂವರಿ. ಮೂರಕ್ಕ ಮುಗೀತು ಅಂದ್ರು.

ಹುಲುಗಿ ಫಾರಂ ಕೈಗೆ ತಗೊಂಡು ಓದಾಕ ಹತ್ತಿದ್ಲು. ಬಾಯಿಬಿಟ್ಟು, ಒಂದೊಂದೇ ಅಕ್ಷರ. ತನ್ನ ಹೆಸರು. ಅಪ್ಪನ ಹೆಸರು. ವಾರ್ಡಿನ ನಂಬರು. ಮುನಷಿ ಕಾಲು ಕುಣಿಸ್ತಿದ್ದ. ಆಕಿ ಓದತಾ ಓದತಾ ಒಂದು ಕಡಿ ನಿಂತ್ಲು.

"ಸ್ವ... ಇಚ್ಛೆ... ಯಿಂದ. ಸಾಹೇಬ್ರ, ಇದರ ಅರ್ಥ ಏನ್ರಿ?"

"ಅಂದ್ರೆ ನಿಮ್ಮ ಸ್ವಂತ ಮನಸ್ಸಿಂದ ವಾಪಸ್ ತಗೋತಿದೀರಿ ಅಂತ."

"ನನ್ನ ಮನಸ್ಸಿಗೆ ಹಂಗಿಲ್ಲಲ್ರಿ."

"ಅದು ಫಾರಂನಲ್ಲಿ ಬರೆಯೋ ರೀತಿ ಅಮ್ಮ. ಎಲ್ಲರೂ ಹಾಗೇ ಕೊಡ್ತಾರೆ."

"ಎಲ್ಲಾರ ಮನಸ್ಸೂ ಫಾರಂನಾಗೇ ಬರದಿರ್ತದೇನ್ರಿ?" ಆಕಿ ದನಿ ಏರಲಿಲ್ಲ. "ಇದನ್ನ ಹೊಡದು ಹಾಕ್ರಿ. ಓಬಳೇಶಪ್ಪ ಸಾವ್ಕಾರ್ರು ಕೇರಿ ಕೆಲಸ ಬಂದ್ ಮಾಡ್ಯಾರ, ಅದಕ್ಕ ತಗೊಂತೀನಿ ಅಂತ ಬರೀರಿ. ಈಗಲೇ ಸಹಿ ಹಾಕ್ತೀನಿ."

ಓಬಳೇಶಪ್ಪ ಬೆಂಚಿನಿಂದ ಎದ್ದ. ಸಾಹೇಬ್ರು ಅವನ ಕಡಿ ನೋಡಿದ್ರು, ಆಕಿ ಕಡಿ ನೋಡಿದ್ರು, ಪೆನ್ನು ಕೆಳಗಿಟ್ರು.

"ನಿಮಗೆ ಯಾರಾದ್ರೂ ಒತ್ತಾಯ ಮಾಡಿದಾರೇನಮ್ಮ?"

ಹುಲುಗಿ ಓಬಳೇಶಪ್ಪನ ಕಡಿ ನೋಡಲಿಲ್ಲ. ನನ್ನ ಕಡಿ ನೋಡಿದ್ಲು. ನೋಡಿದ್ರ, ನನ್ನ ಕೈ ಇನ್ನಾ ಆಕಿ ರಟ್ಟಿ ಹಿಡಕೊಂಡೇ ಇತ್ತು. ನಾಕು ಬಟ್ಟಿನ ಗುರುತು ಮೂಡಿತ್ತು.

ಬಿಟ್ಟೆ.

"ಲೇ ನಾಗಿ," ಓಬಳೇಶಪ್ಪ ಅಂದ, "ಯಾಕ ನಿಂತಿ? ಹಾಕಸು ಸಹಿ. ನಾಳೆ ಗೇಟ್ ತಗಸ್ತೀನಿ."

ಮನ್ಯಾಗ ಹಿಟ್ಟು ಎರಡು ದಿನಕ್ಕಿತ್ತು. ಅದನ್ನೂ ನೆನಸಿದೆ. ನೆನಸೇ ಅಂದೆ.

"ಆಕಿಗೆ ಓದಾಕ ಬರ್ತೈತ್ರಿ ಸಾವ್ಕಾರ್ರ. ಓದಲಿ ಬಿಡ್ರಿ."

ಆಕಿ ಮತ್ತ ಮೊದಲಿಂದ ಓದಿದ್ಲು. ಮೂರು ಹೊಡೀತು. ಸಾಹೇಬ್ರು ಸಹಿ ಇಲ್ಲದ ಫಾರಂ ತಗೊಂಡು ಅಡ್ಡ ಗೀಟು ಎಳದ್ರು.

ಹೊರಗ ಬಂದ್ಮ್ಯಾಲ ಕೇರಿ ಹೆಂಗಸ್ರು ನನ್ನ ಮ್ಯಾಲ ಬಿದ್ರು. ಎದಕ್ಕ ಕಳಿಸಿದ್ವಿ, ಏನ್ ಮಾಡಿ ಬಂದಿ? ಒಬ್ಬಾಕಿ ನನ್ನ ಸೆರಗು ಜಗ್ಗಿ ಬೈದ್ಲು. ಹುಲುಗಿ ಮಾತ್ರ, "ಅಕ್ಕನ್ನ ಬೈಬ್ಯಾಡ್ರಿ, ನನ್ನ ಬೈರಿ" ಅಂತ ನಡುವೆ ನಿಂತ್ಲು. ಅದು ಬೈಗುಳಕ್ಕಿಂತ ಹೆಚ್ಚು ಹತ್ತಿತು ನನಗ.

ಗೇಟು ತಗೀಲಿಲ್ಲ. ಕೆಲವ್ರು ಮುಂಜಾನಿ ಬಸ್ಸಿಗೆ ಕಾನಹೊಸಹಳ್ಳಿ ಕಡಿ ಉಳ್ಳಾಗಡ್ಡಿ ಆರಸಾಕ ಹೋದ್ರು. ಕೆಲವ್ರು ಹಡಗಲಿ ನೆಂಟರ ಮನಿಗೆ ಹೋಗಿ ಮಲ್ಲಿಗಿ ಹೂವು ಬಿಡಿಸಿದ್ರು. ನಾನು ಮೇಘಾನ ಕಾಲಿನ ಚೈನು ಒತ್ತಿ ಇಟ್ಟೆ. ಆಕಿನೇ ಬಿಚ್ಚಿ ಕೊಟ್ಲು.

ಆಮ್ಯಾಲ ನಾನು ಹುಲುಗಿ ಸಂಗಾಟ ಪ್ರಚಾರಕ್ಕ ಹೋದೆ. ಕೇರಿ ಮುಗೀತು, ಗ್ಯಾರೇಜ್ ಓಣಿ ಮುಗೀತು. ಮೇಲಿನ ಓಣಿಗೆ ಹೋಗಬ್ಯಾಡ ಅಂದೆ. "ಓಟು ಅಲ್ಲೂ ಅದಾವಲ್ಲಕ್ಕ" ಅಂದ್ಲು. ಹೊಸ್ತಿಲ ಆಚೆ ನಿಂತು ಮಾತಾಡತಿದ್ಲು. "ನಾನು ಈ ಊರಾಗ ಹುಟ್ಟಿ ಬೆಳದಾಕಿ. ಐದು ವರ್ಷ ಏನ್ ಮಾಡೀನಿ ಗೊತ್ತೈತಿ. ಇನ್ನೊಂದು ಸಲ ಕೊಡ್ರಿ." ಕೆಲವ್ರು ಬಾಗಿಲು ಮುಚ್ಚಿದ್ರು. ಒಂದು ಮನ್ಯಾಗ ನಾವು ಹಿಂದಕ ಹೊಳ್ಳೋದ್ರಾಗ ನಿಂತ ಜಾಗಕ್ಕ ನೀರು ಚೆಲ್ಲಿದ್ರು. ನೀರು ಹರದು ಬಂದು ನಮ್ಮ ಹಿಮ್ಮಡಿಗೆ ಹತ್ತಿತು. ನಾನು ಜಗಳಕ್ಕ ತಿರುಗಿದೆ. ಹುಲುಗಿ ಮುಂದಿನ ಮನಿ ಬಾಗಿಲು ಬಡದಿದ್ಲು ಆಗಲೇ.

ಎಣಿಕಿ ದಿನ ಹುಲುಗಿ ಸೋತ್ಲು. ಹದಿನಾಕು ಓಟಿನ ಅಂತರ.

ಮೇಲಿನ ಓಣಿಯ ಬೂತಿನಾಗ ಆಕಿಗೆ ಮೂವತ್ತೇಳು ಬಿದ್ದಿದ್ವು. ಆ ಬೂತಿನಾಗ ನಮ್ಮವ್ರು ಒಬ್ರೂ ಇಲ್ಲ, ಹಮೀದಾ ಬೀ ಕಡಿಯವ್ರೂ ಇಲ್ಲ. ಆ ಮೂವತ್ತೇಳು ಮಂದಿ ಯಾರು ಅಂತ ನಮಗ ಗೊತ್ತಿಲ್ಲ. ಓಬಳೇಶಪ್ಪಗೂ ಗೊತ್ತಿಲ್ಲ. ಮಗ ಗೆದ್ದ ದಿನವೇ ಅವನು ತನ್ನ ಓಣ್ಯಾಗ ಒಬ್ಬೊಬ್ರ ಮುಖ ನೋಡತಾ ನಿಂತಿದ್ನಂತ. ಸ್ವಂತ ತಮ್ಮನ ಹೆಂಡ್ತಿ ಸಿಹಿ ಕೊಡಾಕ ಬಂದ್ರ, "ನೀನು ಎಲ್ಲಿ ಒತ್ತಿದಿ?" ಅಂತ ಕೇಳಿದ್ನಂತ.

ಮೆರವಣಿಗಿ ಬೇಕಂತಲೇ ನಮ್ಮ ಕೇರಿಗೆ ಬಂತು. ಹುಲುಗಿ ಮನಿ ಮುಂದ ನಿಂತಿತು. ಪಟಾಕಿ ಸರ ಹೊಸ್ತಿಲ ಮ್ಯಾಲೇ ಹಚ್ಚಿದ್ರು. ಗುಲಾಲು ಬಾಗಿಲಿಗೆ, ಗ್ವಾಡಿಗೆ, ಕೊಡದ ನೀರಿಗೆ. ಹುಲುಗಿ ಒಳಗ ಹೋಗಲಿಲ್ಲ. ಬಾಗಿಲಾಗ ನಿಂತಿದ್ಲು. ಅರುಣ್ ಕುಮಾರ ಜೀಪಿನ ಮ್ಯಾಲಿಂದ ಕೂಗಿದ.

"ಮೆಂಬರಮ್ಮ! ಇನ್ನ ಹುಣಸಿಹಣ್ಣು ಕುಟ್ಟೋದೇ ಗತಿ!"

"ಅದನ್ನ ಯಾವಾಗ ಬಿಟ್ಟಿದ್ನೆಪ್ಪ?" ಅಂದ್ಲು ಹುಲುಗಿ.

ಅವನ ಕಡಿಯವ್ರೇ ಒಬ್ಬಿಬ್ರು ನಕ್ರು. ಜೀಪು ಮುಂದ ಹೋತು.

ಎರಡು ದಿನ ಬಿಟ್ಟು ಮೋಡ ಕಟ್ಟಿತು. ಮುಂಗಾರಿ ಮುಂಚಿನ ಗಾಳಿಮಳಿ. ಮರುದಿನ ಮುಂಜಾನಿ ಟ್ರ್ಯಾಕ್ಟರ್ ಕೇರಿ ಬಾಯಿಗೆ ಬಂದು ಹಾರ್ನ್ ಹೊಡೀತು. ಹಣ್ಣು ಬೀಜ ಸಮೇತ ಅಷ್ಟೂ ಶೆಡ್ಡಿನಾಗೇ ಬಿದ್ದಿತ್ತು. ತೇವ ಹಿಡಿದ್ರ ಕರ್ರಗಾಗ್ತೈತಿ, ಹುಳ ಬೀಳ್ತಾವ. ಬ್ಯಾರೆ ಊರಿಂದ ಆಳು ತಂದು ನೋಡಿದ್ನಂತ. ಅವರಿಗೆ ಕೈ ಕೂಡಲಿಲ್ಲ. ಈ ಕೆಲಸ ಮೂರು ದಿನದಾಗ ಕೈಗೆ ಬರೋದಲ್ಲ.

"ಎಲ್ಲಾರೂ ಹತ್ರಿ," ಮುನಷಿ ಕೂಗಿದ. "ಹುಲುಗಮ್ಮ ಒಬ್ಬಾಕಿ ಬ್ಯಾಡ."

ಹೆಂಗಸ್ರು ಬುತ್ತಿ ಹಿಡಕೊಂಡು ನಿಂತಿದ್ರು. ಎಲ್ಲಾರೂ ನನ್ನ ಕಡಿ ನೋಡಿದ್ರು. ಯಾಕ ನನ್ನ ಕಡಿ? ನನಗೂ ಹಸಿವು ಇತ್ತು. ಮಗಳ ಚೈನು ಅಂಗಡ್ಯಾಗ ಇತ್ತು. ಟ್ರ್ಯಾಕ್ಟರ್ ಹತ್ತಬೇಕು ಅಂತ ಕಾಲು ಅಂತಿತ್ತು. ನಿಜ ಹೇಳ್ತೀನಿ, ಒಂದು ಹೆಜ್ಜಿ ಇಟ್ಟೆ ಕೂಡಾ. ಆಮ್ಯಾಲ ಕಟ್ಟಿ ಮ್ಯಾಲ ಕುಂತುಬಿಟ್ಟೆ. ಬುತ್ತಿ ಬಿಚ್ಚಿದೆ. ಮುನಷಿ ನೋಡನೋಡ್ತಾನೇ ರೊಟ್ಟಿ ತಿನ್ನಾಕ ಹತ್ತಿದೆ. ಮಗ್ಗಲಕ ಒಬ್ಬಾಕಿ ಬಂದು ಕುಂತ್ಲು. ಆವತ್ತು ನನ್ನ ಸೆರಗು ಜಗ್ಗಿದಾಕಿ. ಆಮ್ಯಾಲ ಇನ್ನೊಬ್ಬಾಕಿ. ಟ್ರ್ಯಾಕ್ಟರ್ ಇಂಜಿನ್ನು ಹೊಡಕೋತನೇ ಇತ್ತು. ಖಾಲಿ ಹೊಳ್ಳಿತು.

ಮರುದಿನಾನೂ ಖಾಲಿ ಹೋತು. ಮಧ್ಯಾಹ್ನ ದಪ್ಪ ಹನಿ ಬಿದ್ವು.

ಮೂರನೇ ದಿನ ಓಬಳೇಶಪ್ಪ ತಾನೇ ಟ್ರ್ಯಾಕ್ಟರ್ ಹತ್ತಿ ಬಂದ. ಓಟು ಕೇಳಾಕ ಬಿಟ್ರ ಅವನು ಕೇರಿಯೊಳಗ ಕಾಲಿಟ್ಟಾವಲ್ಲ. ನನ್ನ ಮುಂದ ನಿಂತು ಹೇಳ್ದ.

"ಆಕಿನ್ನೂ ಕರಕೊಂಡು ಬರ್ರಿ. ಆತಲ್ಲ?"

"ಆಕಿ ಅಲ್ಲೇ ಅದಾಳ್ರಿ. ಆಕಿಗೇ ಹೇಳ್ರಿ" ಅಂದೆ.

ಹುಲುಗಿ ಹತ್ತು ಹೆಜ್ಜಿ ಆಚೆ ಕೊಡ ಬೆಳಗತಿದ್ಲು. ಓಬಳೇಶಪ್ಪ ಆಕಾಶ ನೋಡ್ದ. ಮೋಡ ಕೊಟ್ಟೂರ ಕಡಿಯಿಂದ ಏರಾಕತ್ತಿತ್ತು. ಅವನು ಆಕಿ ಹತ್ರ ಹೋಗಾಕ ಬಾಳ ಹೊತ್ತು ತಗೊಂಡ. ಹೋದ.

"ಬಾರಮ್ಮ" ಅಂದ. ಆಕಿ ತಲಿ ಎತ್ತಲಿಲ್ಲ. ಗಂಟಲು ಸರಿಮಾಡಿಕೊಂಡ. "ಹುಲುಗಮ್ಮ... ಬರ್ರಿ ಕೆಲಸಕ್ಕ."

ಹುಲುಗಿ ಕೊಡ ಬೋರಲ ಹಾಕಿ ಎದ್ದು ನಿಂತ್ಲು. ಕೈ ಸೆರಗಿಗೆ ವರಸಿಕೊಂಡ್ಲು. ನಮ್ಮನ್ನೆಲ್ಲಾ ಒಂದು ಸುತ್ತು ನೋಡಿದ್ಲು.

"ನಾಳೆ ಬರ್ತೀವ್ರಿ. ಇವತ್ತು ಆಗಂಗಿಲ್ಲ. ಇವತ್ತು ನಮಗ ಬ್ಯಾರೆ ಕೆಲಸ ಐತಿ."

ಅವನು ಮತ್ತ ಮೋಡದ ಕಡಿ ನೋಡ್ದ. ಟ್ರ್ಯಾಕ್ಟರ್ ಹೊಳ್ಳಿಸ್ಕೊಂಡು ಹೋದ.

ಆವತ್ತು ನಮಗ ಯಾವ ಕೆಲಸಾನೂ ಇರಲಿಲ್ಲ. ಅರವತ್ತು ಮಂದಿ ಹೆಂಗಸ್ರು, ಮಳಿ ಬರೋ ತನಕ ಸುಮ್ನ ಕಟ್ಟಿ ಮ್ಯಾಲ ಕುಂತಿದ್ವಿ.